ಗಟ್ಟಿ ಉಕ್ಕಿಗೆ ಮೆತ್ತನೆಯ ಕಲ್ಲು: ಗ್ರೈಂಡಿಂಗ್ ಯಂತ್ರದ ಒಳಗುಟ್ಟು

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಆರಡಿ ಲೇತ್, ಡ್ರಿಲ್ಲಿಂಗ್ ಮಶೀನು, ವೆಲ್ಡಿಂಗ್ ಸೆಟ್ಟು, ಒಂದು ಬೆಂಚ್ ಗ್ರೈಂಡರ್, ಇಷ್ಟೇ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿದಾಗಲೆಲ್ಲ, ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟನ್ನು ಹುಬ್ಬಳ್ಳಿಗೆ ಗ್ರೈಂಡಿಂಗ್‌ಗೆ ಕಳಿಸುತ್ತೇನೆ. ಹೋಗಿ ಬರುವುದರಲ್ಲಿ ಮೂರು ದಿನ ಹೋಗುತ್ತವೆ. ಲೇತಿನಲ್ಲೇ ಸಣ್ಣದೊಂದು ಕಟ್ ಹೊಡೆದು ಎಮರಿ ಪಟ್ಟಿ ಹಿಡಿದರೆ ಆಗುವುದಿಲ್ಲವೇ? ಇನ್ನೊಂದು ತೊಂದರೆ: ಬೆಂಚ್ ಗ್ರೈಂಡರಿನ ಕಲ್ಲು ಕನ್ನಡಿಯ ಹಾಗೆ ಹೊಳೆಯತೊಡಗಿದೆ, ಟೂಲ್ ನೀಲಿಗಟ್ಟುತ್ತದೆ, ಕೊಯ್ಯುವುದೇ ಇಲ್ಲ. ಇದಕ್ಕಿಂತ ಗಟ್ಟಿ ಕಲ್ಲು ತರಿಸಬೇಕೇ? ಮುಂದೆ ಒಂದು ಗ್ರೈಂಡಿಂಗ್ ಯಂತ್ರ ಕೊಳ್ಳುವುದಾದರೆ ಯಾವುದನ್ನು ಮೊದಲು ಕೊಳ್ಳಲಿ?

ಉತ್ತರ: ನಿಮ್ಮ ನಡುವಿನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ತಿಳಿದರೆ ಉಳಿದೆರಡೂ ಅರ್ಧ ಬಿಡಿಸಿಕೊಂಡ ಹಾಗೆಯೇ. ಗಟ್ಟಿ ಕಲ್ಲು ತರಿಸಬೇಡಿ. ಈಗಿರುವುದಕ್ಕಿಂತ ಮೆತ್ತನೆಯದನ್ನು ತರಿಸಿ.

ಇದು ತಿರುವುಮುರುವಾಗಿ ಕೇಳಿಸುತ್ತದೆ, ಗೊತ್ತು. ಐಟಿಐ ಮುಗಿಸಿ ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ಗ್ರೈಂಡರಿನ ಮುಂದೆ ನಿಂತ ಮೊದಲ ವರ್ಷ ನಾನೂ ನಿಮ್ಮಂತೆಯೇ ಅಂದುಕೊಂಡಿದ್ದೆ. ಉಕ್ಕು ಗಟ್ಟಿ, ಅದನ್ನು ಕೊಯ್ಯಲು ಅದಕ್ಕಿಂತ ಗಟ್ಟಿಯಾದ ಕಲ್ಲು ಬೇಕು ಎಂಬ ಲೆಕ್ಕ. ನನಗೆ ಕೆಲಸ ಕಲಿಸಿದವರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ಬಂದಿದ್ದ ಹಿರಿಯ ಫಿಟರ್. ಅವರು ಹೊಳೆಯುವ ಕಲ್ಲಿನ ಮೇಲೆ ಹೆಬ್ಬೆರಳು ಸವರಿ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ: “ಕಲ್ಲು ಉದರಬೇಕೋ ತಮ್ಮಾ. ಉದರಲಿಲ್ಲಂದ್ರ ಅದು ಕೊಯ್ಯಂಗಿಲ್ಲ, ಬರೇ ಸುಡತೈತಿ.”

ಆ ಮಾತಿನ ಅರ್ಥ ತಿಳಿಯಬೇಕಾದರೆ ಒಂದು ಕೆಲಸ ಮಾಡಿ. ಗ್ರೈಂಡರಿನ ಕೆಳಗೆ ಬಿದ್ದ ಕರಿ ಹುಡಿಯನ್ನು ಬಿಳಿ ಹಾಳೆಯ ಮೇಲೆ ಹಾಕಿಕೊಂಡು ಹಾಳೆಯ ಅಡಿಯಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣ ಒಂದು ಕಡೆ ಸರಿಯುತ್ತದೆ, ಕಲ್ಲಿನ ಪುಡಿ ಇನ್ನೊಂದು ಕಡೆ ಉಳಿಯುತ್ತದೆ. ಪರಿಚಯದ ಹೈಸ್ಕೂಲ್ ಮಾಸ್ತರರಿದ್ದರೆ ಅವರ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಆ ಕಬ್ಬಿಣವನ್ನು ನೋಡಿ. ಹುಡಿ ಅಂದುಕೊಂಡದ್ದು ಹುಡಿಯಲ್ಲ. ನಿಮ್ಮ ಲೇತಿನಿಂದ ಬೀಳುವಂಥದೇ ಸುರುಳಿ ಸುರುಳಿ ಚಿಪ್ಸು, ಕೂದಲಿಗಿಂತ ಸಣ್ಣದು. ನಡುನಡುವೆ ಸಾಸಿವೆಯಂಥ ದುಂಡನೆಯ ಗುಂಡುಗಳೂ ಕಾಣುತ್ತವೆ. ಗಾಳಿಯಲ್ಲಿ ಹಾರುವಾಗಲೇ ಹೊತ್ತಿ ಉರಿದು, ಕರಗಿ, ಗುಂಡಗಾಗಿ ಬಿದ್ದ ಕಿಡಿಗಳವು.

ಅಂದರೆ ಗ್ರೈಂಡಿಂಗ್ ಎಂದರೆ ಉಜ್ಜುವುದಲ್ಲ, ಕೊಯ್ಯುವುದು. ಲೇತಿನಲ್ಲಿ ಟೂಲಿಗೆ ಒಂದೇ ಮೊನೆ. ಗ್ರೈಂಡಿಂಗ್ ಕಲ್ಲಿನ ಮೈತುಂಬ ಸಾವಿರಾರು ಮೊನೆ, ಒಂದೊಂದು ಹರಳೂ ಒಂದೊಂದು ಟೂಲು. ಆ ಹರಳುಗಳನ್ನು ಅಂಟಿನಂಥ ಒಂದು ಪದಾರ್ಥ ಹಿಡಿದುಕೊಂಡಿರುತ್ತದೆ. ಕೊಯ್ದು ಕೊಯ್ದು ಹರಳು ಮೊಂಡಾದಾಗ ಅದರ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಆಗ ಹರಳು ಸೀಳಿ ಹೊಸ ಮೊನೆ ತೆರೆಯಬೇಕು, ಇಲ್ಲವೇ ಅಂಟು ಕೈಬಿಟ್ಟು ಅದು ಉದುರಿ ಹಿಂದಿನ ಚೂಪು ಹರಳು ಮುಂದೆ ಬರಬೇಕು. ಕಾರ್ಖಾನೆಯಲ್ಲಿ ತನ್ನನ್ನು ತಾನೇ ಸಾಣೆ ಹಿಡಿದುಕೊಳ್ಳುವ ಟೂಲು ಇದೊಂದೇ.

ನಾವು ಕಲ್ಲು ಗಟ್ಟಿ, ಕಲ್ಲು ಮೆತ್ತಗೆ ಅನ್ನುವುದು ಹರಳಿನ ಮಾತಲ್ಲ, ಅಂಟಿನ ಹಿಡಿತದ ಮಾತು. ಗಡಸು ಉಕ್ಕು ಹರಳನ್ನು ಬೇಗ ಮೊಂಡು ಮಾಡುತ್ತದೆ. ಹಾಗಾಗಿ ಅದನ್ನು ಬೇಗ ಉದುರಿಸುವ ಮೆತ್ತನೆಯ ಕಲ್ಲು ಬೇಕು. ಮೆತ್ತನೆಯ ಕಬ್ಬಿಣದಲ್ಲಿ ಹರಳು ಬಹಳ ಹೊತ್ತು ಚೂಪಾಗಿಯೇ ಇರುತ್ತದೆ. ಅಲ್ಲಿ ಸುಮ್ಮನೆ ಉದುರಿಸಿದರೆ ಕಲ್ಲು ದಂಡ, ಗಟ್ಟಿ ಕಲ್ಲೇ ಸರಿ. ನಿಮ್ಮ ಕಲ್ಲು ಹೊಳೆಯುತ್ತಿರುವುದು ಮೊಂಡು ಹರಳನ್ನು ಅದು ಬಿಟ್ಟುಕೊಡದೆ ಹಿಡಿದಿರುವುದರಿಂದ. ಅಡಿಗೆಮನೆಯ ಬೀಸುಕಲ್ಲು ನುಣುಪಾದಾಗ ಜೋಳ ಬೀಸದೆ ಬರೀ ಬಿಸಿಯಾಗುತ್ತಿತ್ತಲ್ಲ, ಆಗ ಅಜ್ಜಿ ಉಳಿ ಸುತ್ತಿಗೆಯವನನ್ನು ಕರೆಸಿ ಹೊಸ ಕಚ್ಚು ಹಾಕಿಸುತ್ತಿದ್ದಳು. ಅದೇ ಸಂಗತಿ. ನಾವು ಅದಕ್ಕೆ ಡ್ರೆಸ್ಸಿಂಗ್ ಅನ್ನುತ್ತೇವೆ. ಬೆಂಚ್ ಗ್ರೈಂಡರಿಗೆ ನಕ್ಷತ್ರದಂಥ ಹಲ್ಲುಚಕ್ರದ ಡ್ರೆಸ್ಸರ್ ಸಾಕು, ದೊಡ್ಡ ಯಂತ್ರಗಳಿಗೆ ಡೈಮಂಡ್ ಡ್ರೆಸ್ಸರ್. ಇವತ್ತು ಸಂಜೆಯೇ ನಿಮ್ಮ ಕಲ್ಲಿಗೆ ಒಮ್ಮೆ ಡ್ರೆಸ್ಸರ್ ಹಿಡಿದು ನೋಡಿ. ಹೊಳಪು ಹೋಗಿ ಸಕ್ಕರೆಯಂತೆ ಒರಟು ಕಂಡರೆ ಟೂಲು ಮತ್ತೆ ಕೊಯ್ಯತೊಡಗುತ್ತದೆ. ಹೊಳಪಿನ ಜೊತೆ ಬೆಳ್ಳಿಯ ಬಣ್ಣದ ಚುಕ್ಕೆಗಳೂ ಕಂಡರೆ ನಿಮ್ಮ ಹುಡುಗರು ಯಾರೋ ಅದರ ಮೇಲೆ ಅಲ್ಯೂಮಿನಿಯಂ ಹಿಡಿದಿದ್ದಾರೆ. ಮೆತ್ತನೆಯ ಲೋಹ ಹರಳುಗಳ ನಡುವಿನ ಸಂದಿಯಲ್ಲೆಲ್ಲ ತುಂಬಿಕೊಂಡು ಕಲ್ಲಿನ ಉಸಿರು ಕಟ್ಟುತ್ತದೆ. ಅದನ್ನು ನಿಲ್ಲಿಸಿ.

ಕಲ್ಲು ಕೊಳ್ಳುವಾಗ ಅದರ ಮೈಮೇಲಿನ ಕಾಗದದ ಬಿಲ್ಲೆ ಓದುವುದನ್ನು ರೂಢಿ ಮಾಡಿಕೊಳ್ಳಿ. “ಎ 60 ಕೆ 5 ವಿ” ಎಂದಿದ್ದರೆ, ಎ ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಹರಳು. 60 ಹರಳಿನ ಗಾತ್ರ: ಒಂದು ಇಂಚಿಗೆ ಅಷ್ಟು ಕಣ್ಣುಗಳಿರುವ ಜರಡಿಯಲ್ಲಿ ಸೋಸಿದ್ದು, ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣ. ಕೆ ಅಂಟಿನ ಹಿಡಿತ: ಎ ಕಡೆ ಮೆತ್ತಗೆ, ಝಡ್ ಕಡೆ ಗಟ್ಟಿ. 5 ಅನ್ನುವುದು ಹರಳುಗಳ ನಡುವಿನ ಸಂದಿಯ ಅಳತೆ. ಕೊನೆಯ ವಿ ಅಂದರೆ ಪಿಂಗಾಣಿಯಂತೆ ಭಟ್ಟಿಯಲ್ಲಿ ಸುಟ್ಟ ಅಂಟು. ಬಿ ಇದ್ದರೆ ರೆಸಿನ್ ಅಂಟು, ಕಟಿಂಗ್ ಡಿಸ್ಕುಗಳದ್ದು. ಬೆಂಚ್ ಗ್ರೈಂಡರಿನ ಜೊತೆ ಬರುವ ಬೂದು ಕಲ್ಲು ಸಾಮಾನ್ಯ ಕಬ್ಬಿಣದ ಕೆಲಸಕ್ಕೆಂದು ಮಾಡಿದ್ದು. ನಿಮ್ಮ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿಗೆ ಬಿಳಿ ಕಲ್ಲು ಹಾಕಿ, 60 ಹರಳು, ಕೆ ಹಿಡಿತ. ಬಿಳಿಯದು ಹೆಚ್ಚು ಶುದ್ಧ ಅಲ್ಯೂಮಿನಿಯಂ ಆಕ್ಸೈಡ್, ಅದರ ಹರಳು ಬೇಗ ಸೀಳುತ್ತದೆ, ತಣ್ಣಗೆ ಕೊಯ್ಯುತ್ತದೆ. ಟೂಲಿನ ತುದಿಗೆ ಬೆಸೆದ ಗಡಸು ಕಾರ್ಬೈಡ್ ಟಿಪ್ಪಿಗೆ ಹಸಿರು ಕಲ್ಲು, ಅಂದರೆ ಸಿಲಿಕಾನ್ ಕಾರ್ಬೈಡ್. ಈ ಸಿಲಿಕಾನ್ ಕಾರ್ಬೈಡ್ ಸಿಕ್ಕಿದ್ದೇ ಆಕಸ್ಮಿಕವಾಗಿ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು ಇದನ್ನು ಕಂಡುಕೊಂಡ, ಕಾರ್ಬೊರಂಡಮ್ ಎಂದು ಹೆಸರಿಟ್ಟ. ನಮ್ಮ ಕಡೆ ಹಳೆಯ ಮೇಸ್ತ್ರಿಗಳು ಎಲ್ಲ ಕಲ್ಲಿಗೂ ಕಾರ್ಬೊರಂಡಮ್ ಅನ್ನುತ್ತಿದ್ದದ್ದು ಅಲ್ಲಿಂದ ಬಂದದ್ದು. ವಜ್ರದ ಕಲ್ಲು ಎಲ್ಲಕ್ಕಿಂತ ಗಟ್ಟಿ ನಿಜ, ಆದರೆ ಉಕ್ಕಿಗೆ ಸಲ್ಲದು. ವಜ್ರ ಅಂದರೆ ಇಂಗಾಲ, ಆ ಬಿಸಿಯಲ್ಲಿ ಕಬ್ಬಿಣ ಇಂಗಾಲವನ್ನು ತಿಂದುಹಾಕುತ್ತದೆ. ಗಡಸು ಉಕ್ಕಿಗೆ 1957ರಲ್ಲಿ ಮೊದಲು ತಯಾರಾದ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಎಂಬ ಹರಳು ಇದೆ. ದೊಡ್ಡ ಕಾರ್ಖಾನೆಗಳ ಮಾತದು, ನಿಮಗೆ ಈಗ ಬೇಡ.

ಇನ್ನು ನೀಲಿ ಬಣ್ಣದ ವಿಚಾರ. ಗ್ರೈಂಡಿಂಗ್ ಕೆಲಸ ಅಂದರೆ ಅರ್ಧಕ್ಕರ್ಧ ಬಿಸಿಯ ಜೊತೆಗಿನ ಗುದ್ದಾಟ. ಲೇತಿನ ಟೂಲಿಗೆ ನೀವು ಕೋನ ಕೊಟ್ಟು ಚೂಪು ಮಾಡುತ್ತೀರಿ, ಬಿಸಿಯ ಬಹುಪಾಲು ಚಿಪ್ಸಿನ ಜೊತೆ ಹೊರಟುಹೋಗುತ್ತದೆ. ಹರಳಿಗೆ ಅಂಥ ಕೋನವಿಲ್ಲ. ಅದು ಅಡ್ಡಾದಿಡ್ಡಿ ಮೂತಿಯಿಂದ ಲೋಹವನ್ನು ತಳ್ಳಿ, ಗೀರಿ, ಆಮೇಲೆ ಕೊಯ್ಯುತ್ತದೆ. ಅಷ್ಟೇ ಲೋಹ ತೆಗೆಯಲು ಲೇತಿಗಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ, ಆ ಬಿಸಿಯ ದೊಡ್ಡ ಪಾಲು ಜಾಬಿನೊಳಕ್ಕೇ, ಅಂದರೆ ಕೊಯ್ಯಿಸಿಕೊಳ್ಳುವ ತುಂಡಿನೊಳಕ್ಕೇ ಇಳಿಯುತ್ತದೆ. ಉಕ್ಕಿನ ಮೈಮೇಲೆ ಒಣಹುಲ್ಲಿನ ಹಳದಿ ಕಂಡರೆ ಅಲ್ಲಿ ಸುಮಾರು 220–230 ಡಿಗ್ರಿ ದಾಟಿದೆ, ನೇರಳೆಗೆ 280ರ ಸುಮಾರು, ನೀಲಿಗೆ 300ರ ಸುಮಾರು. ಕಾರ್ಬನ್ ಸ್ಟೀಲಿನ ಉಳಿ, ಕತ್ತಿ, ಬ್ಲೇಡು ನೀಲಿಗಟ್ಟಿತೆಂದರೆ ಅಷ್ಟು ಭಾಗದ ಹದ ಹೋಯಿತು, ಅದನ್ನು ತೆಗೆದುಹಾಕಲೇಬೇಕು. ಎಚ್‌ಎಸ್‌ಎಸ್ ಟೂಲು ಆ ಬಿಸಿ ತಡೆದುಕೊಳ್ಳುತ್ತದೆ. ಆದರೆ ಕಾದ ಟೂಲನ್ನು ಚೊಂಯ್ ಎಂದು ನೀರಿಗೆ ಅದ್ದುತ್ತೀರಲ್ಲ, ಅದು ಕಣ್ಣಿಗೆ ಕಾಣದ ಬಿರುಕು ತರುತ್ತದೆ. ಕಾರ್ಬೈಡ್ ಟಿಪ್ಪಂತೂ ಒಡೆದೇ ಹೋಗುತ್ತದೆ. ಅದ್ದುವುದಾದರೆ ಬಿಸಿಯೇರುವ ಮೊದಲೇ ಮತ್ತೆ ಮತ್ತೆ ಅದ್ದಿ. ಇಲ್ಲದಿದ್ದರೆ ಗಾಳಿಯಲ್ಲಿ ಆರಲು ಬಿಡಿ.

ನಿಮ್ಮ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಗಿರಣಿಯವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕಾಯಿಯ ಹೆಸರು ನಿಂತಿರುವುದೇ ಬಣ್ಣದ ಮೇಲೆ. ಪುಡಿ ಮಾಡುವಾಗ ಯಂತ್ರ ಕಾದರೆ ಬಣ್ಣವೂ ಘಮವೂ ಇಳಿಯುತ್ತವೆ. ಅಲ್ಲಿ ಕೊಯ್ತವಿಲ್ಲ, ಬಡಿದು ಒಡೆಯುವುದು, ಯಂತ್ರವೇ ಬೇರೆ. ಆದರೆ ಶತ್ರು ಒಂದೇ.

ಈಗ ಲೇತಿನಲ್ಲೇ ಕ್ರ್ಯಾಂಕ್ ಮಾಡಬಾರದೇ ಎಂಬ ಪ್ರಶ್ನೆ. ಮಾಡಬಾರದು. ಯಾಕೆಂದು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಿತ್ತನೆಯ ಹೊತ್ತಿನಲ್ಲಿ ರೈತರು ಅವಸರ ಮಾಡಿದಾಗ ಕೈ ಜಾರುವುದು ಇಲ್ಲಿಯೇ.

ಕ್ರ್ಯಾಂಕಿನ ಪಿನ್ನು, ಅಂದರೆ ಪಿಸ್ಟನ್ನಿನ ರಾಡು ಕೂಡುವ ಭಾಗ, ದುಂಡಗೆ ಸವೆಯುವುದಿಲ್ಲ. ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿದಾಗಲೆಲ್ಲ ಪಿಸ್ಟನ್ನು ಅದನ್ನು ಒಂದೇ ಮಗ್ಗುಲಿಗೆ ಒದೆಯುತ್ತದೆ, ಹಾಗಾಗಿ ಪಿನ್ನು ನಿಧಾನಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೈಕ್ರೊಮೀಟರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆದರೆ ತಿಳಿಯುತ್ತದೆ. ಅಲ್ಲಿ ಎಮರಿ ಪಟ್ಟಿ ಎಳೆದರೆ ಮೊಟ್ಟೆ ಹೊಳೆಯುವ ಮೊಟ್ಟೆಯಾಗುತ್ತದೆಯೇ ಹೊರತು ದುಂಡಗಾಗುವುದಿಲ್ಲ. ಪಿನ್ನಿಗೂ ಬೇರಿಂಗಿಗೂ ನಡುವೆ ಎಣ್ಣೆಯ ಪದರಕ್ಕೆ ಬಿಡುವ ಜಾಗ ಎಷ್ಟು? ಪಿನ್ನಿನ ವ್ಯಾಸದ ಸಾವಿರದ ಒಂದು ಪಾಲು, 50 ಮಿ.ಮೀ. ಪಿನ್ನಿಗೆ ಸುಮಾರು 0.05 ಮಿ.ಮೀ. ಅಷ್ಟೇ ಜಾಗದಲ್ಲಿ ಎಂಜಿನ್ನಿನ ಬದುಕು ನಿಂತಿದೆ. ಲೇತಿನ ಟೂಲಿಗೆ ಮಿಲಿಮೀಟರಿನ ಒಂದು ನೂರಾಂಶದ ಕಟ್ ಕೊಟ್ಟು ನೋಡಿ, ಅದು ಕೊಯ್ಯುವ ಬದಲು ಜಾರುತ್ತದೆ, ಆಮೇಲೆ ಒಮ್ಮೆಲೇ ಕಚ್ಚುತ್ತದೆ. ಮೇಲ್ಮೈ ಗಡಸು ಮಾಡಿದ ಪಿನ್ನಾದರೆ ಎಚ್‌ಎಸ್‌ಎಸ್ ಟೂಲು ಮುಟ್ಟುವುದೂ ಇಲ್ಲ. ಗ್ರೈಂಡಿಂಗ್ ಕಲ್ಲಿಗೆ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಐದು ಪಾಲು) ತೆಗೆಯುವುದು ದಿನನಿತ್ಯದ ಮಾತು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನಪಿಟ್ಟರೆ ಇದರ ಅಂದಾಜು ಸಿಗುತ್ತದೆ.

ಕ್ರ್ಯಾಂಕ್ ಗ್ರೈಂಡರಿನಲ್ಲಿ ಆಗುವುದಿಷ್ಟು. ಎರಡು ತುದಿಯ ಚಕ್ಕುಗಳನ್ನು ನಡುವಿನಿಂದ ಸ್ಟ್ರೋಕಿನ (ಪಿಸ್ಟನ್ನಿನ ಓಟದ ಉದ್ದದ) ಅರ್ಧದಷ್ಟು ಸರಿಸಿ ಕಟ್ಟುತ್ತಾರೆ. ಆಗ ಕ್ರ್ಯಾಂಕು ತನ್ನ ಅಚ್ಚಿನ ಸುತ್ತ ಅಲ್ಲ, ಪಿನ್ನಿನ ಅಚ್ಚಿನ ಸುತ್ತ ತಿರುಗುತ್ತದೆ. ಹಾಗೆ ಓಲಾಡುವ ಭಾರಕ್ಕೆ ಎದುರುತೂಕ ಹಾಕಿ ಸಮ ಮಾಡುತ್ತಾರೆ. ಅಗಲ ಕಿರಿದಾದ ದೊಡ್ಡ ಕಲ್ಲು ಪಿನ್ನಿನ ಎರಡೂ ಬದಿಯ ಗೋಡೆಗಳ ನಡುವೆ ಇಳಿದು ಪಿನ್ನನ್ನು ಕೊಯ್ಯುತ್ತದೆ. ಕಲ್ಲಿನ ಮೈ ಸೆಕೆಂಡಿಗೆ 30 ಮೀಟರಿನ ಸುಮಾರು ಓಡುತ್ತದೆ, ಅಂದರೆ ಗಂಟೆಗೆ 108 ಕಿಲೋಮೀಟರ್. ಕ್ರ್ಯಾಂಕು ಮಾತ್ರ ಎತ್ತಿನ ಗಾಣದಂತೆ ನಿಧಾನ. ಅಳತೆ ಮುಟ್ಟಿದ ಮೇಲೆ ಫೀಡ್ ಕೊಡದೆ, ಅಂದರೆ ಕಲ್ಲನ್ನು ಇನ್ನೂ ಮುಂದೊತ್ತದೆ, ಒಂದಿಷ್ಟು ಹೊತ್ತು ಹಾಗೆಯೇ ಓಡಿಸುತ್ತಾರೆ. ಒತ್ತಡಕ್ಕೆ ಬಾಗಿದ ಕ್ರ್ಯಾಂಕು ಮೆಲ್ಲಗೆ ನೇರವಾಗುತ್ತ ಉಳಿದ ಮೈಕ್ರಾನನ್ನೂ ಕೊಡುತ್ತದೆ, ಕಿಡಿ ತಾನಾಗಿ ಕ್ಷೀಣಿಸಿ ನಿಲ್ಲುತ್ತದೆ. ಕಿಡಿ ನಿಂತಾಗಲೇ ಜಾಬು ಮುಗಿಯಿತು ಅನ್ನುವುದು. ಅಳತೆಯೂ ಮನಸ್ಸಿಗೆ ಬಂದಂತಿಲ್ಲ: 0.25, 0.50, 0.75, 1.00 ಮಿ.ಮೀ. ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಯಾಕೆಂದರೆ ಬೇರಿಂಗುಗಳು ಸಿಗುವುದು ಆ ಅಳತೆಗೇ. ಗ್ಯಾರೇಜಿನವರು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಅನ್ನುವುದು ಇದನ್ನೇ, ಇಂಚಿನ ಸಾವಿರಾಂಶದ ಲೆಕ್ಕದಲ್ಲಿ. ಮೇಲ್ಮೈಗೆ ನೈಟ್ರೈಡಿಂಗ್ ಮಾಡಿದ, ಅಂದರೆ ನೈಟ್ರೋಜನ್ ಊಡಿಸಿ ಗಡಸು ಮಾಡಿದ ಕ್ರ್ಯಾಂಕಾದರೆ ಗಡಸು ಪದರ ಬಹಳ ತೆಳುವು. ಅದನ್ನು ಕೊಯ್ದು ತೆಗೆದ ಮೇಲೆ ಮತ್ತೆ ನೈಟ್ರೈಡಿಂಗ್ ಮಾಡಿಸದೆ ಜೋಡಿಸಬಾರದು.

ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸಬೇಕು. ಪಿನ್ನು ಗೋಡೆಗೆ ಕೂಡುವ ಮೂಲೆ ಇದೆಯಲ್ಲ, ಅದು ಚೂಪು ಮೂಲೆಯಾಗಿರುವುದಿಲ್ಲ, ಸಣ್ಣ ಕಮಾನಿನಂತೆ ಬಳುಕಿರುತ್ತದೆ. ಕಂಪನಿ ಕೊಟ್ಟ ಆ ದುಂಡನ್ನು ಉಳಿಸಬೇಕಾದರೆ ಕಲ್ಲಿನ ಅಂಚನ್ನೇ ಡೈಮಂಡಿನಿಂದ ಅದೇ ದುಂಡಿಗೆ ಡ್ರೆಸ್ ಮಾಡಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಗದಗ ಕಡೆಯ ರೈತರೊಬ್ಬರು ಎರಡು ತುಂಡಾದ ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದರು. ಬೇರೆಲ್ಲೋ ಗ್ರೈಂಡಿಂಗ್ ಮಾಡಿಸಿ ಒಂದು ಹಂಗಾಮೂ ಮುಗಿದಿರಲಿಲ್ಲ. ಮುರಿದ ಮುಖವನ್ನು ಪೆಟ್ರೋಲಿನಿಂದ ತೊಳೆದು ಬಿಸಿಲಿಗೆ ಹಿಡಿದೆ. ಬೇಸಿಗೆಯಲ್ಲಿ ಕೆರೆ ಇಳಿಯುತ್ತ ದಂಡೆಯ ಮೇಲೆ ಗೆರೆ ಬಿಡುತ್ತದೆಯಲ್ಲ, ಹಾಗೆ ಸಾಲು ಸಾಲು ಬಾಗಿದ ಗೆರೆಗಳು. ಎಲ್ಲ ಗೆರೆಗಳೂ ಒಂದೇ ಮೂಲೆಯಿಂದ ಹೊರಟಿದ್ದವು. ಆ ಮೂಲೆಗೆ ಉಗುರು ಹಾಕಿದರೆ ಚುಚ್ಚುವಷ್ಟು ಚೂಪು. ಪ್ರತಿ ಸುತ್ತಿಗೂ ಅಲ್ಲಿ ಬಿರುಕು ಒಂದೊಂದೇ ಹೆಜ್ಜೆ ಮುಂದೆ ಸರಿದು, ಕೊನೆಗೆ ಉಳಿದ ಉಕ್ಕು ಭಾರ ತಡೆಯದೆ ಫಟ್ಟೆಂದು ಮುರಿದಿತ್ತು. ಪಿನ್ನಿನ ಅಳತೆ ಮಾತ್ರ ಮೈಕ್ರಾನಿಗೆ ಸರಿಯಾಗಿತ್ತು. ಹೊಸ ಕ್ರ್ಯಾಂಕಿನ ಬೆಲೆ ಕೇಳಿ ಆ ಹಿರಿಯರು ಶೆಡ್ಡಿನ ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟರು. ಹಾಗಾಗಿ ನೀವು ಯಾರ ಬಳಿ ಕಳಿಸಿದರೂ, ವಾಪಸು ಬಂದ ಕ್ರ್ಯಾಂಕಿನ ಮೂಲೆಗಳನ್ನು ಮೊದಲು ನೋಡಿ, ಅಳತೆಯನ್ನು ಆಮೇಲೆ. ಎಣ್ಣೆ ತೂತಿನ ಬಾಯಿ ದುಂಡಗೆ ಮಾಡಿದ್ದಾರೆಯೇ ನೋಡಿ. ಅಯಸ್ಕಾಂತದ ಬಿರುಕು ಪರೀಕ್ಷೆ ಆಗಿದೆಯೇ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಉಳಿದ ಗ್ರೈಂಡಿಂಗ್ ಯಂತ್ರಗಳೂ ಇದೇ ಮೂಲದ ಬೇರೆ ಬೇರೆ ಕೊಂಬೆಗಳು. ಸರ್ಫೇಸ್ ಗ್ರೈಂಡರಿನಲ್ಲಿ ಜಾಬು ಮ್ಯಾಗ್ನೆಟ್ ಹಾಸಿನ ಮೇಲೆ ಕೂತು ಹಿಂದೆ ಮುಂದೆ ಓಡಾಡುತ್ತದೆ, ಮೇಲಿನ ಕಲ್ಲು ಮಟ್ಟಸ ಮಾಡುತ್ತದೆ. ಡೈಗಳು, ಪಂಚುಗಳು ಇದರ ಕೆಲಸ. ಇದರದೇ ಉದ್ದನೆಯ ತಮ್ಮ ಬ್ಲೇಡ್ ಗ್ರೈಂಡರ್. ಗದಗಿನಲ್ಲಿ ಮುದ್ರಣಾಲಯಗಳು ಎಷ್ಟಿವೆ ಎಂದು ನಿಮಗೇ ಗೊತ್ತು, ಅಲ್ಲಿ ರೀಮುಗಟ್ಟಲೆ ಕಾಗದ ಕತ್ತರಿಸುವ ಉದ್ದದ ಬ್ಲೇಡುಗಳಿಗೆ ಸಾಣೆ ಹಿಡಿಯುವುದು ಅದರಲ್ಲೇ. ಹತ್ತಿ ಜಿನ್ನಿಂಗ್ ಮಿಲ್ಲಿನ ಚಾಕುಗಳೂ ಅಲ್ಲಿಗೇ ಬರುತ್ತವೆ. ಸಿಲಿಂಡ್ರಿಕಲ್ ಗ್ರೈಂಡರಿನಲ್ಲಿ ಶಾಫ್ಟನ್ನು ಎರಡು ಸೆಂಟರುಗಳ ನಡುವೆ ಹಿಡಿಯುತ್ತಾರೆ. ಲೇತಿನಲ್ಲಿ ತಿರುಗುವ ಸೆಂಟರ್ ಹಾಕುತ್ತೀರಿ, ಇಲ್ಲಿ ಎರಡೂ ಸೆಂಟರುಗಳು ಅಲುಗದೆ ನಿಲ್ಲುತ್ತವೆ. ಬೇರಿಂಗಿನ ಓಲಾಟ ಜಾಬಿಗೆ ಇಳಿಯಬಾರದು ಎಂಬುದಕ್ಕೆ. ಎಚ್‌ಎಂಟಿಯ ಹಳೆಯ ಸಿಲಿಂಡ್ರಿಕಲ್ ಗ್ರೈಂಡರುಗಳು ನಮ್ಮ ಭಾಗದ ಶೆಡ್ಡುಗಳಲ್ಲಿ ಇನ್ನೂ ದುಡಿಯುತ್ತಿವೆ, ಚೆನ್ನಾಗಿ ನೋಡಿಕೊಂಡದ್ದು ಇವತ್ತಿಗೂ ನಂಬಿಕೆಗೆ ಯೋಗ್ಯ. ಇಂಟರ್ನಲ್ ಗ್ರೈಂಡರ್ ತೂತಿನ ಒಳಮೈಗೆ. ಅಲ್ಲಿ ಕಲ್ಲು ಚಿಕ್ಕದಿರಲೇಬೇಕು, ಚಿಕ್ಕದಾದಷ್ಟೂ ವೇಗ ಏರಬೇಕು: 20 ಮಿ.ಮೀ. ಕಲ್ಲಿನ ಮೈ ಸೆಕೆಂಡಿಗೆ 30 ಮೀಟರ್ ಓಡಲು ನಿಮಿಷಕ್ಕೆ 28,000ಕ್ಕೂ ಹೆಚ್ಚು ಸುತ್ತು ಬೇಕು.

ನನಗೆ ಇವತ್ತಿಗೂ ನೋಡಲು ಅತ್ಯಂತ ಇಷ್ಟವಾದದ್ದು ಸೆಂಟರ್‌ಲೆಸ್ ಗ್ರೈಂಡರ್. ಜಾಬನ್ನು ಯಾರೂ ಹಿಡಿಯುವುದೇ ಇಲ್ಲ. ಒಂದು ಕಡೆ ಕೊಯ್ಯುವ ಕಲ್ಲು, ಇನ್ನೊಂದು ಕಡೆ ನಿಧಾನಕ್ಕೆ ತಿರುಗುವ ರಬ್ಬರ್ ಅಂಟಿನ ಚಕ್ರ, ನಡುವೆ ಒಂದು ಪಟ್ಟಿಯ ಮೇಲೆ ಜಾಬು. ರಬ್ಬರ್ ಚಕ್ರವನ್ನು ಕೆಲವೇ ಡಿಗ್ರಿ ಓರೆ ಮಾಡಿಟ್ಟರೆ ಜಾಬು ತಿರುಗುತ್ತ ತಾನೇ ಮುಂದೆ ಸಾಗುತ್ತದೆ. ಈ ಕಡೆಯಿಂದ ಒರಟು ಪಿನ್ನುಗಳನ್ನು ಒಂದರ ಹಿಂದೊಂದು ಹಾಕುತ್ತಾ ಹೋದರೆ ಆ ಕಡೆಯಿಂದ ಹೊಳೆಯುತ್ತ ದುಂಡಗೆ ಉದುರುತ್ತವೆ. ಪಿಸ್ಟನ್ ಪಿನ್ನು, ಬೇರಿಂಗಿನ ರೋಲರುಗಳು ಹೀಗೆಯೇ ಆಗುವುದು. ಹುಬ್ಬಳ್ಳಿ ಕೈಗಾರಿಕಾ ವಾಲ್ವುಗಳಿಗೆ ಹೆಸರಾದ ಊರು. ಅಲ್ಲಿನ ವಾಲ್ವಿನೊಳಗಿನ ಸೀಟು, ಚೆಂಡು ಸೋರದಂತೆ ಕೂಡಬೇಕಾದರೂ ಕೊನೆಯ ಕೈ ಗ್ರೈಂಡಿಂಗ್ ಮತ್ತು ನುಣ್ಣನೆಯ ಪುಡಿ ಹಾಕಿ ಉಜ್ಜುವ ಲ್ಯಾಪಿಂಗಿನದೇ.

ಈಗ ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಕಲ್ಲು ಒಡೆಯುತ್ತದೆ. ನನ್ನ ಶೆಡ್ಡಿಗೇ ಒಮ್ಮೆ ಹೊಸ ಕಲ್ಲನ್ನು ಬೈಕಿನ ಹಿಂದೆ ಕಟ್ಟಿಕೊಂಡು ತರುವಾಗ ಅದು ಬಿದ್ದಿತ್ತು. ತಂದ ಹುಡುಗ ಹೇಳಲಿಲ್ಲ, ನಾನೂ ಬಡಿದು ನೋಡಲಿಲ್ಲ. ಸ್ವಿಚ್ ಹಾಕಿ ಒಂದು ನಿಮಿಷವೂ ಆಗಿರಲಿಲ್ಲ, ಗುಂಡು ಹಾರಿದಂಥ ಸದ್ದು. ಅರ್ಧ ಕಲ್ಲು ಗಾರ್ಡಿನೊಳಗೆ ಸಿಕ್ಕಿಕೊಂಡಿತು, ಒಂದು ಚೂರು ಮಾತ್ರ ಗಾರ್ಡಿನ ತೆರೆದ ಬಾಯಿಂದ ಹೊರಟು ಮೇಲಿನ ತಗಡನ್ನು ತೂತು ಮಾಡಿಕೊಂಡು ಹೋಯಿತು. ನಾನು ಪಕ್ಕಕ್ಕೆ ನಿಂತಿದ್ದೆ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಆ ತೂತನ್ನು ಇವತ್ತಿಗೂ ಮುಚ್ಚಿಸಿಲ್ಲ, ಹೊಸದಾಗಿ ಕೆಲಸಕ್ಕೆ ಬಂದ ಪ್ರತಿ ಹುಡುಗನಿಗೂ ಮೊದಲ ದಿನ ಅದನ್ನು ತೋರಿಸುತ್ತೇನೆ.

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ಕಿವಿಗೊಡುತ್ತೇವಲ್ಲ, ಕಲ್ಲಿಗೂ ಅದೇ ಪರೀಕ್ಷೆ. ನಡುವಿನ ತೂತಿಗೆ ಬೆರಳು ತೂರಿಸಿ ನೇತುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ಬಡಿಯಿರಿ. ಸ್ವಲ್ಪ ತಿರುಗಿಸಿ ಮತ್ತೆ ಬಡಿಯಿರಿ. ಭಟ್ಟಿಯಲ್ಲಿ ಸುಟ್ಟ ಒಳ್ಳೆಯ ಕಲ್ಲು ಠಣ್ ಅನ್ನುತ್ತದೆ, ಬಿರುಕಿದ್ದರೆ ಒಡಕು ಗಡಿಗೆಯ ಹಾಗೆ ಬದ್ ಅನ್ನುತ್ತದೆ. ಅನುಮಾನ ಬಂದರೆ ಅದನ್ನು ಒಡೆದು ಎಸೆಯಿರಿ, ಇನ್ನೊಬ್ಬರು ಎತ್ತಿಕೊಂಡು ಹಾಕಬಾರದು. ಕಲ್ಲಿನ ಎರಡೂ ಬದಿಯ ಕಾಗದದ ಬಿಲ್ಲೆ ಕೀಳಬೇಡಿ, ಕಲ್ಲನ್ನು ಎರಡೂ ಕಡೆಯಿಂದ ಬಿಗಿಯುವ ಫ್ಲೇಂಜಿನ ಒತ್ತಡ ಸಮ ಬೀಳಲೆಂದೇ ಅದಿರುವುದು. ಹೊಸ ಕಲ್ಲು ಹಾಕಿದಾಗ ಪಕ್ಕಕ್ಕೆ ನಿಂತು ಒಂದೆರಡು ನಿಮಿಷ ಖಾಲಿ ಓಡಿಸಿ. ಟೂಲ್ ಇಡುವ ಪಟ್ಟಿಗೂ ಕಲ್ಲಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಬಿಡಬೇಡಿ, ಜಾಬು ಅದರೊಳಗೆ ಸಿಕ್ಕಿಕೊಂಡಾಗಲೇ ಬೆರಳೂ ಹೋಗುವುದು. ಗ್ಲೌಸು ಬೇಡ, ತೋಳಿನ ಗುಂಡಿ ಹಾಕಿರಲಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರ್ ನಿಮ್ಮಲ್ಲೂ ಒಂದಿರಲೇಬೇಕು. ನಮ್ಮ ಕಡೆ ಗೇಟು, ಗ್ರಿಲ್ಲು ಮಾಡುವವರು ನಾಲ್ಕಿಂಚಿನ ಮಶೀನಿನ ಗಾರ್ಡ್ ಕಿತ್ತು ಏಳಿಂಚಿನ ಡಿಸ್ಕ್ ಹಾಕುವುದನ್ನು ಕಣ್ಣಾರೆ ನೋಡುತ್ತೇನೆ. ಲೆಕ್ಕ ಹಾಕಿ ನೋಡಿ. ಆ ಮಶೀನು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಏಳಿಂಚಿನ ಡಿಸ್ಕಿನ ಮೇಲೆ ಕಂಪನಿಯವರೇ 8,500 ಸುತ್ತು ಮೀರಬಾರದೆಂದು ಅಚ್ಚು ಹಾಕಿರುತ್ತಾರೆ, ಅಂಚಿನ ವೇಗ ಸೆಕೆಂಡಿಗೆ 80 ಮೀಟರ್ ಎಂಬ ಮಿತಿಗೆ. 11,000ಕ್ಕೆ ಅದು 100 ಮೀಟರ್ ದಾಟುತ್ತದೆ. ಡಿಸ್ಕನ್ನು ಹರಿಯಲು ಎಳೆಯುವ ಬಲ ವೇಗದ ವರ್ಗದಂತೆ ಏರುವುದರಿಂದ ಮಿತಿಯ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ, ತಡೆಯಲು ಗಾರ್ಡೂ ಇಲ್ಲ. ದಯವಿಟ್ಟು ನಿಮ್ಮ ಶೆಡ್ಡಿನಲ್ಲಿ ಇದಕ್ಕೆ ಅವಕಾಶ ಕೊಡಬೇಡಿ.

ಕೊನೆಗೆ, ಯಾವ ಯಂತ್ರ ಮೊದಲು? ಕ್ರ್ಯಾಂಕ್ ಗ್ರೈಂಡರ್ ಬೇಡ ಎಂಬುದು ನನ್ನ ಅಭಿಪ್ರಾಯ, ಈಗಲೇ ಬೇಡ. ಅದನ್ನು ತಂದರೆ ಬಿರುಕು ಪರೀಕ್ಷೆಯ ಸಾಮಾನು, ಕ್ರ್ಯಾಂಕ್ ನೇರ ಮಾಡುವ ಪ್ರೆಸ್ಸು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಾನುಗಟ್ಟಲೆ ಕೈ ಪಳಗಿದ ಒಬ್ಬ ಆಪರೇಟರ್ ಬೇಕು. ನಿಮ್ಮಂಥ ಶೆಡ್ಡಿಗೆ ಸಿಲಿಂಡರ್ ಹೆಡ್ ಮತ್ತು ಫ್ಲೈವೀಲ್ ಮಟ್ಟ ಮಾಡುವ ಸರ್ಫೇಸ್ ಗ್ರೈಂಡರ್ ಮೊದಲು ಬರಲಿ. ಎಂಜಿನ್ ಬಿಚ್ಚಿದರೆ ಹೆಡ್ಡಿನ ಕೆಲಸ ಇದ್ದೇ ಇರುತ್ತದೆ, ಕ್ಲಚ್ ಬಿಚ್ಚಿದರೆ ಫ್ಲೈವೀಲು. ಕೆಲಸ ದಿನವೂ ಬರುತ್ತದೆ, ತಪ್ಪಿದರೂ ತಿದ್ದಿಕೊಳ್ಳಬಹುದು, ನಿಮ್ಮ ಕೈ ಕಲ್ಲಿನ ಭಾಷೆಗೆ ಒಗ್ಗುತ್ತದೆ. ಕ್ರ್ಯಾಂಕನ್ನು ಇನ್ನೊಂದೆರಡು ವರ್ಷ ಹುಬ್ಬಳ್ಳಿಗೇ ಕಳಿಸಿ.

ಹಳೆಯ ಯಂತ್ರ ಕೊಳ್ಳುವುದಾದರೆ ಬಣ್ಣ ನೋಡಬೇಡಿ. ಸ್ಪಿಂಡಲಿಗೆ ಡಯಲ್ ಗೇಜ್ ಹಚ್ಚಿ ಎತ್ತಿ ಇಳಿಸಿ ನೋಡಿ. ಅರ್ಧ ಗಂಟೆ ಖಾಲಿ ಓಡಿಸಿ ಸ್ಪಿಂಡಲಿನ ಬೇರಿಂಗ್ ಮುಟ್ಟಿ, ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಡಿ. ಆಮೇಲೆ ಒಂದು ತುಂಡನ್ನು ಅಲ್ಲೇ ಗ್ರೈಂಡ್ ಮಾಡಿಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಮ ಅಂತರದಲ್ಲಿ ಅಲೆ ಅಲೆಯಾಗಿ ಗೆರೆ ಕಂಡರೆ ಎಲ್ಲೋ ನಡುಕವಿದೆ. ಅಳೆಯುವ ಮೊದಲು ತುಂಡು ತಣ್ಣಗಾಗಲಿ: 60 ಮಿ.ಮೀ. ಉಕ್ಕು 10 ಡಿಗ್ರಿ ಹೆಚ್ಚು ಬಿಸಿಯಿದ್ದರೆ 7 ಮೈಕ್ರಾನ್ ದೊಡ್ಡದಾಗಿ ತೋರಿಸುತ್ತದೆ. ಜಾಬನ್ನು ತಣ್ಣಗಿಡುವ ಕೂಲಂಟಿಗೆ ಬೋರಿನ ಗಡಸು ನೀರು ಹಾಕಿದರೆ ಎಣ್ಣೆ ಬೇರೆ, ನೀರು ಬೇರೆಯಾಗಿ ನಿಂತುಬಿಡುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಿ. ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ.

ತಳಪಾಯದ ಮಾತು ಹೇಳದೆ ಮುಗಿಸಲಾರೆ, ಯಾಕೆಂದರೆ ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಇದಿರುವುದಿಲ್ಲ. ನಿಮ್ಮ ಶೆಡ್ಡು ಎರೆ ನೆಲದ ಮೇಲಿದ್ದರೆ, ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಬರೀ ಫರ್ಶಿ ಹಾಸಿ ಯಂತ್ರ ಕೂರಿಸಿದರೆ ಮೈಕ್ರಾನ್ ಬಿಡಿ, ಮಟ್ಟವೇ ನಿಲ್ಲುವುದಿಲ್ಲ. ಎರೆ ಪೂರ್ತಿ ತೆಗೆದು ಗರಸು ಸಿಗುವವರೆಗೆ ಅಗೆಸಿ, ಗಟ್ಟಿಯಾಗಿ ಗರಸು ತುಂಬಿ ಕುಟ್ಟಿಸಿ, ಅದರ ಮೇಲೆ ಕಾಂಕ್ರೀಟಿನ ದಿಮ್ಮಿ ಹಾಕಿಸಿ. ದಿಮ್ಮಿ ಶೆಡ್ಡಿನ ನೆಲಕ್ಕೂ ಗೋಡೆಗೂ ತಾಗದಂತೆ ಸುತ್ತ ಸಂದಿ ಇರಲಿ, ಪಕ್ಕದಲ್ಲಿ ಸುತ್ತಿಗೆ ಬಡಿದದ್ದು ಯಂತ್ರಕ್ಕೆ ತಿಳಿಯಬಾರದು. ಇದನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿ. ಯಂತ್ರ ಕೂರಿಸಿ ಮಟ್ಟ ನೋಡಿ ಬರೆದಿಟ್ಟುಕೊಳ್ಳಿ, ದೀಪಾವಳಿಯ ಹೊತ್ತಿಗೆ ಒಮ್ಮೆ, ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ಅದೇ ಜಾಗದಲ್ಲಿ ಸ್ಪಿರಿಟ್ ಲೆವೆಲ್ ಇಟ್ಟು ಹೋಲಿಸಿ. ಎರಡು ಸಲವೂ ಗುಳ್ಳೆ ಕದಲದಿದ್ದರೆ ಆಮೇಲೆ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿ.